ಮಾಪಣ್ಣನ ಕೈಗುಣ

ಗಾಜಿಪುರ, ಕಲಬುರಗಿ
೨೫ ಆಗಸ್ಟ್ ೨೦೨೪, ರವಿವಾರ

ಪ್ರೀತಿಯ ತಮ್ಮ ಮಾಪಣ್ಣನಿಗೆ ನಿನ್ನ ಅಕ್ಕ ಬಂಡೆಮ್ಮನ ಜೈಭೀಮ.

ಹೇಗಿದ್ದೀಯ? ಸೊಲ್ಲಾಪುರದ ನೀರು ಒಗ್ಗಿತೇ? ಹೊಟ್ಟೆಗೆ ಸರಿಯಾಗಿ ತಿನ್ನುತ್ತೀಯೋ ಇಲ್ಲವೋ? ಮನಸ್ಸಿಗೆ ಬೇಜಾರಾದರೆ ಮೊದಲು ರೊಟ್ಟಿಯ ಮೇಲೆ ಮುನಿಸಿಕೊಳ್ಳುವವನು ನೀನು, ಸಣ್ಣವನಿದ್ದಾಗಿನಿಂದ ನೋಡಿದ್ದೇನೆ. ಉಪವಾಸ ಬಿದ್ದರೆ ನಿನಗೆ ಎದೆ ಉರಿ ಶುರುವಾಗುತ್ತದೆ, ಆಮೇಲೆ ಮಗಳ ಮನೆಯವರಿಗೆಲ್ಲ ತೊಂದರೆ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಿನ್ನ ಫೋನಿಗೆ ಹಚ್ಚಿದರೆ ಯಾರೋ ಹೆಣ್ಣುಮಗಳು ಸ್ವಿಚ್ ಆಫ್ ಆಗಿದೆ ಎನ್ನುತ್ತಾಳೆ. ಪಾಪ, ಅವಳನ್ನು ಎಷ್ಟು ಬೈಯಲಿ? ನಿನ್ನ ಮಗಳಿಗೆ ಹಚ್ಚಿದರೆ "ಅಪ್ಪ ಹೊರಗ ಹೋಗ್ಯಾನ ಅತ್ತಿ" ಎನ್ನುತ್ತಾಳೆ, ಹಿಂದೆ ನಿನ್ನ ಕೆಮ್ಮು ಕೇಳಿಸುತ್ತಿರುತ್ತದೆ. ನಿನ್ನ ಕೆಮ್ಮು ನನಗೆ ಗುರುತು ಸಿಗುವುದಿಲ್ಲವೇನೋ ಹುಚ್ಚಪ್ಪಾ? ಅದಕ್ಕೇ ಕಾಗದ ಹಿಡಿದೆ. ಅಂಗನವಾಡಿ ಕೆಲಸ ಬಿಟ್ಟ ಮೇಲೆ ಇಷ್ಟುದ್ದ ಬರೆದದ್ದೇ ಇಲ್ಲ, ಅಕ್ಷರ ಸೊಟ್ಟಗಾದರೆ ನಗಬೇಡ. ನಮ್ಮ ಕಮಲಾಪುರದ ಲಾಲ್ ಅಹ್ಮದ್ ಕೆಂಪು ಬಾಳೆಹಣ್ಣು ಹೇರಿಕೊಂಡು ನಾಳೆ ಸೊಲ್ಲಾಪುರಕ್ಕೆ ಹೊರಟಿದ್ದಾನೆ, ದಾರಿಯಲ್ಲಿ ಇಲ್ಲಿಗೆ ಬಂದು ಕಾಗದ ಒಯ್ಯುತ್ತಾನೆ. ನಿನ್ನ ಕೈಯಲ್ಲೇ ಕೊಡಬೇಕು, ನೀನು ಓದಿ ಮುಗಿಸುವವರೆಗೆ ಬಾಗಿಲಲ್ಲಿ ನಿಂತಿರಬೇಕು ಎಂದು ಅವನಿಗೆ ಹೇಳಿದ್ದೇನೆ.

ಮೊದಲು, ನೀನು ಕೇಳಲು ಹೆದರುತ್ತಿರುವ ಮಾತನ್ನು ಹೇಳಿಬಿಡುತ್ತೇನೆ. ನಿನ್ನ ಮಾವ ರಾಮಣ್ಣ, ಅಂದರೆ ನನ್ನ ಪಾಲಿಗೆ ಬಂದ ಈ ಹಟಮಾರಿ ಗಂಡ, ಬದುಕಿದ್ದಾರೆ. ಆಸ್ಪತ್ರೆಯಿಂದ ಬಿಟ್ಟಿದ್ದಾರೆ. ಡಾಕ್ಟರಿಗೆ ಹತ್ತಿರವಿರಲಿ ಎಂದು ಕಮಲಾಪುರಕ್ಕೆ ಹೋಗದೆ ಇಲ್ಲೇ ಮಗ ದಿಲೀಪನ ಮನೆಯಲ್ಲಿದ್ದೇವೆ. ದಿಲೀಪ ಮುಂಜಾನೆ ಕಪನೂರಿನ ಬೇಳೆ ಮಿಲ್ಲಿಗೆ ಹೋಗುತ್ತಾನೆ, ಸೊಸೆ ಸಪ್ನಾ ಹೊಲಿಗೆ ಯಂತ್ರದ ಮುಂದೆ ಕೂರುತ್ತಾಳೆ, ನಾನು ಈ ಮನುಷ್ಯನ ಮಂಚದ ಪಕ್ಕ ಕೂತು ಅವರ ಪಾದ ನೋಡುತ್ತೇನೆ. ಹೌದು, ಪಾದವೇ. ಮುಖ ನೋಡುವುದು ಬಿಟ್ಟು ಬಹಳ ದಿನವಾಯಿತು. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆಯೋ, ಬಿದ್ದ ಗುಳಿ ಬೇಗ ತುಂಬುತ್ತದೆಯೋ ಇಲ್ಲವೋ, ಇದೇ ನನ್ನ ಕೆಲಸ. ಬದುಕಿದ್ದಾರೆ, ಆದರೆ ಗಂಡಾಂತರ ಕಳೆದಿಲ್ಲ. ಅದನ್ನೇ ಬರೆಯಲು ಕೂತಿದ್ದೇನೆ.

ನೀನು ಓಡಿಹೋದದ್ದು ಅವಮಾನಕ್ಕೋ, ದಿಲೀಪನ ಬಾಯಿಗೆ ಹೆದರಿಯೋ ನನಗೆ ತಿಳಿಯದು. ನಡೆದದ್ದರಲ್ಲಿ ಅರ್ಧ ನೋಡಿ ಹೋದೆ, ಉಳಿದರ್ಧ ನಾನು ನೋಡಿದ್ದೇನೆ. ಎರಡನ್ನೂ ಸೇರಿಸಿ ಹೇಳುತ್ತೇನೆ, ಸಿಟ್ಟಾಗದೆ ಓದು. ಅವರ ಹೃದಯದ ಬಲ ಕುಗ್ಗಿದೆ, ರಕ್ತವನ್ನು ಸರಿಯಾಗಿ ತಳ್ಳುತ್ತಿಲ್ಲ, ಅದಕ್ಕೇ ಕಾಲಿಗೆ ನೀರು ಇಳಿಯುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಹೋದ ವರ್ಷವೇ ಕಲಬುರಗಿಯ ಡಾಕ್ಟರು ಹೇಳಿದ್ದರು. ನೀರು ಇಳಿಸುವ ಗುಳಿಗೆ ಬರೆದುಕೊಟ್ಟು, ಆಗಾಗ ರಕ್ತ ತಪಾಸಣೆ ಮಾಡಿಸಿ ತೋರಿಸಿ ಎಂದಿದ್ದರು. ಗುಳಿಗೆ ನಮಗೆ ನೆನಪಿತ್ತು, ತಪಾಸಣೆ ಮರೆತುಹೋಯಿತು. ಮನೆಯವನೇ ಆದ ಕಂಪೌಂಡರ್ ನೀನಿರುವಾಗ ಕಲಬುರಗಿಯ ಬಸ್ಸು ಯಾಕೆ ಹತ್ತಬೇಕು ಎನ್ನುವ ಬುದ್ಧಿ ನಮ್ಮದು. ಕಾಲು ಬಾತಾಗ ನಿನ್ನನ್ನು ಕರೆದವಳು ನಾನೇ. ನೀನು ಗಾಡಿಗೆ ಚೀಲ ನೇತುಹಾಕಿಕೊಂಡು ಬಂದು ಮೈಯ ನೀರು ಇಳಿಸುವ ನೀರಿನ ಸೂಜಿ ಹಾಕಿದೆ. ಮೂತ್ರಕ್ಕೆ ಹೋಗಿ ಹೋಗಿ ಅವರು ಹಗುರಾದರು, ಎಷ್ಟೋ ದಿನದ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆದರು. ಆ ಗೊರಕೆ ಕೇಳಿ ನಾನು ಸಂತೋಷಕ್ಕೆ ಅತ್ತುಬಿಟ್ಟೆ. ಮರುದಿನ ಓಣಿಗೆಲ್ಲ ಕೇಳುವಂತೆ ಇವರು "ನಮ್ಮ ಮಾಪ್ಯಾನ ಕೈಗುಣ ನೋಡ್ರಿ! ಇರಿವಿ ಕಡದಂಗ ಸೂಜಿ, ಕೆರಿ ಒಡದಂಗ ನೀರು" ಎಂದು ಕೂಗಿದ್ದೇ ಕೂಗಿದ್ದು. ಅಂದಿನಿಂದ ಕಾಲು ತುಸು ಬಾತರೂ ಮಾಪಣ್ಣ, ಉಸಿರು ತುಸು ಏರಿದರೂ ಮಾಪಣ್ಣ. ಕಲಬುರಗಿಯ ಗುಳಿಗೆ ಅವರಿಗೆ ಬೇಡವಾಯಿತು, ಗುಳಿಗೆಗೆ ಕೈಗುಣ ಎಲ್ಲಿಂದ ಬರಬೇಕು? ಬರಬರುತ್ತಾ ನಿನ್ನ ಗಾಡಿಯ ಸದ್ದು ಕೇಳಿದರೆ ಸಾಕು, ಅಂಗಿಯ ತೋಳು ಮಡಚಿ ಕೂತಿರುತ್ತಿದ್ದರು.

ಆಮೇಲಾಮೇಲೆ ಮೀನಖಂಡ ಹಿಡಿದುಕೊಂಡು ಒದ್ದಾಡತೊಡಗಿದರು. ನಾಲಿಗೆ ಒಣಗುತ್ತಿತ್ತು. ಕೆಂಪು ಬಾಳೆಯ ಗೊನೆ ಹೊತ್ತು ತೋಟದಿಂದ ರಸ್ತೆಗೆ ಓಡುತ್ತಿದ್ದ ಮನುಷ್ಯ, ತಂಬಿಗೆ ಎತ್ತಲು ನನ್ನನ್ನು ಕರೆಯತೊಡಗಿದರು. ಒಂದು ಸಲ ನನ್ನನ್ನೇ ನೋಡಿ, ತೀರಿಹೋದ ಅವರ ಅಕ್ಕನ ಹೆಸರು ಹಿಡಿದು ಕರೆದರು. ನಿನಗೆ ಹೇಳಿದೆ ಕೂಡ. ನೀನು ಪಾದ ಒತ್ತಿ ನೋಡಿ "ನೀರ ಇನ್ನೂ ಉಳದದ ಅಕ್ಕಾ, ಇನ್ನೊಂದು ಹಾಕಿದ್ರ ಚೊಕ್ಕ ಆಗ್ತಾನ ಮಾವ" ಎಂದೆ. ನೀನು ಆಸೆಗೆ ಹಾಕಿದೆ ಎಂದು ನಾನು ಎಂದೂ ಅನ್ನುವುದಿಲ್ಲ ತಮ್ಮಾ. ಸ್ವಂತ ಮಗ ಮಾಡದಷ್ಟು ಸೇವೆ ಮಾಡಿದೆ. ಆದರೆ ಪ್ರೀತಿಯಿಂದ ಹಾಕಿದ ಸೂಜಿ ಎಂದು ದೇಹ ಬಿಡುತ್ತದೆಯೇ?

ಆ ಮುಂಜಾನೆ ಬಚ್ಚಲ ಬಾಗಿಲಲ್ಲಿ ಬಿದ್ದರಲ್ಲ, ಆಗಲೂ ನೀನು ಸೂಜಿ ತುಂಬುತ್ತಿದ್ದೆ. ಪುಣ್ಯಕ್ಕೆ ಮಿಲ್ಲಿಗೆ ರಜೆ ಇದ್ದು ದಿಲೀಪ ಮನೆಗೆ ಬಂದಿದ್ದ; ನಿನ್ನ ಕೈ ಹಿಡಿದು, ಎಲ್ಲರನ್ನೂ ಜೀಪಿಗೆ ಹತ್ತಿಸಿದ. ದಾರಿಯುದ್ದಕ್ಕೂ ನಿನ್ನ ಮಾವನ ತಲೆ ನಿನ್ನ ತೊಡೆಯ ಮೇಲಿತ್ತು, ನನಗೆ ಅದು ಮರೆತಿಲ್ಲ. ಆಸ್ಪತ್ರೆಯಲ್ಲಿ ಸಿಸ್ಟರ್ ಅಫ್ರೀನ್ ಬಂದಳು. ಈಗ ನೋಡಿದರೆ ಅವಳು ಇದೇ ಗಾಜಿಪುರದ ಹುಡುಗಿ, ದಿಲೀಪನ ಹಿಂದಿನ ಓಣಿಯವಳು. ನಾನು ಅವಳ ಕೈ ಹಿಡಿದು, ಕಾಲು ನೋಡವ್ವಾ ಹೇಗೆ ಬಾತಿವೆ, ಬೇಗ ನೀರಿನ ಸೂಜಿ ಹಾಕು ಎಂದೆ. ಅವಳು "ಹಾಕೂದು ಇದ್ರ ಹಾಕ್ತೀವ್ರಿ ಅಮ್ಮಾ, ಮೊದಲ ರಕ್ತ ನೋಡ್ತೀವಿ" ಎಂದಳು. ನನಗೆ ತಲೆ ಕೆಟ್ಟಿತು. "ನೀವು ರಕ್ತ ನೋಡೂದ್ರಾಗ ನಮ್ಮವರ ಜೀವ ಹೋಗ್ತದ! ಜೀವ ಹೋದ ಮ್ಯಾಲ ಯಾರ ರಕ್ತ ನೋಡ್ತೀರಿ?" ಎಂದು ವಾರ್ಡೆಲ್ಲ ಕೇಳುವಂತೆ ಕೂಗಿದೆ. ನೀನೂ ನನ್ನ ಜೊತೆ ಸೇರಿ "ನಾ ಕಂಪೌಂಡರ್ ಆಗಿ ತಲಿ ಬೆಳ್ಳಗ ಮಾಡಿಕೊಂಡೀನಿ, ನನಗ ಕಲಸಬ್ಯಾಡ" ಎಂದು ಅವಳನ್ನು ಗದರಿಸಿದೆ. ಅವಳು ನಿನ್ನ ಮಾವನ ಮೂಗಿಗೆ ಆಕ್ಸಿಜನ್ ಹಚ್ಚಿದಳು, ಎದೆಗೆ ವೈರು ಅಂಟಿಸಿದಳು, ರಕ್ತ ತೆಗೆದು ಕಳಿಸಿದಳು.

ರಿಪೋರ್ಟು ಬಂದಾಗ ಡಾಕ್ಟರಮ್ಮ ನಿಂತಲ್ಲೇ ಓದಿದರು. ಮೈಯಲ್ಲಿ ಪೊಟ್ಯಾಸಿಯಂ ಎಂಬ ಉಪ್ಪು ಪೂರ್ತಿ ಕೆಳಗಿಳಿದಿದೆ, ಸೋಡಿಯಂ ಇಳಿದಿದೆ, ಕಿಡ್ನಿ ಸೋಲುತ್ತಿದೆ. ಇಂಥದ್ದರಲ್ಲಿ ಇನ್ನೊಂದು ನೀರಿನ ಸೂಜಿ ಬಿದ್ದಿದ್ದರೆ ಹೃದಯ ತಾಳ ತಪ್ಪಿ ನಿಂತೇಹೋಗುತ್ತಿತ್ತೋ ಏನೋ ಎಂದರು. ಆಮೇಲೆ ನಿನ್ನ ಕಡೆ ತಿರುಗಿ, ಬೈಯಲಿಲ್ಲ, ದನಿ ಕೂಡ ಏರಿಸಲಿಲ್ಲ, "ಸೂಜಿ ಹಾಕೂಕಿಂತ ಮೊದಲ ಇವರ ರಕ್ತ ಯಾವಾಗ ನೋಡಿಸಿದ್ರಿ?" ಎಂದು ಕೇಳಿದರು. ನೀನು "ಅಕ್ಕಾ, ಚಹಾ ತರ್ತೀನಿ" ಎಂದು ಥರ್ಮಾಸ್ ತೆಗೆದುಕೊಂಡು ಹೋದೆ. ಆ ಚಹಾ ಇನ್ನೂ ಬಂದಿಲ್ಲ. ಥರ್ಮಾಸು ಸಪ್ನಾಳದು, ತವರಿನಿಂದ ತಂದದ್ದು, ಎಲ್ಲಿ ಹೋಯಿತು ಅತ್ತೆ ಎಂದು ಅವಳು ಕೇಳಿದಾಗಲೆಲ್ಲ ನಾನು ಮಾತು ಮರೆಸುತ್ತೇನೆ.

ನೀನು ಹೋದ ಮೇಲೆ ನಾನು ಡಾಕ್ಟರಮ್ಮನ ಜೊತೆಗೂ ಜಗಳಕ್ಕೆ ನಿಂತೆ ಎಂದರೆ ನಿನಗೆ ಆಶ್ಚರ್ಯವಾಗಲಿಕ್ಕಿಲ್ಲ. "ಉಪ್ಪು ಬಿಡ್ರಿ ಅಂದವರೂ ನೀವೇ, ಉಪ್ಪು ಕಡಿಮಿ ಆಗ್ಯದ ಅನ್ನವರೂ ನೀವೇ, ನಾವು ಯಾರ ಮಾತು ಕೇಳಬೇಕ್ರಿ?" ಎಂದೆ. ಅವರು ನಕ್ಕರು. ಅಡುಗೆ ಉಪ್ಪು ಬೇರೆ ಅಮ್ಮಾ, ಇದು ಬೇರೆ, ಇದರ ಮೇಲೇ ಹೃದಯ ಬಡಿಯುವುದು ಎಂದು ಬಿಡಿಸಿ ಹೇಳಿದರು. ಬೇಳೆ ಬೇಯಿಸಿ ಕಟ್ಟು ಬಸಿದರೆ ಬರೀ ನೀರೇ ಹೋಗುತ್ತದೆಯೇ, ಬೇಳೆಯ ಸತ್ವವೂ ಅದರ ಜೊತೆ ಹೋಗುವುದಿಲ್ಲವೇ? ನೀರಿನ ಸೂಜಿಯೂ ಹಾಗೆಯೇ ಅಂತೆ. ಅದು ಕೆಟ್ಟ ಔಷಧಿಯಲ್ಲ, ಇವರಿಗೆ ಬೇಕೇ ಬೇಕು. ಆದರೆ ಒಳಗೆ ಎಷ್ಟು ಉಳಿದಿದೆ ಎಂದು ನೋಡಿಕೊಂಡೇ ಬಸಿಯಬೇಕು. ಕಾಲು ಬಾತದ್ದು ಕಣ್ಣಿಗೆ ಕಾಣುತ್ತದೆ, ಉಪ್ಪು ಇಳಿದದ್ದು ಯಾರ ಕಣ್ಣಿಗೂ ಕಾಣುವುದಿಲ್ಲ, ನನ್ನ ಕಣ್ಣಿಗೂ ಕಾಣುವುದಿಲ್ಲ ಎಂದರು ಡಾಕ್ಟರಮ್ಮ. ಸಲೈನಿನಲ್ಲಿ ಹನಿಹನಿಯಾಗಿ ಆ ಉಪ್ಪು ಕೊಟ್ಟರು, ಮತ್ತೆ ಮತ್ತೆ ರಕ್ತ ನೋಡಿದರು, ಅದು ಮೇಲೆ ಬಂದ ಮೇಲೆಯೇ ಸಣ್ಣ ಪ್ರಮಾಣದಲ್ಲಿ ನೀರಿನ ಸೂಜಿ ಹಾಕಿದರು. ಅದೇ ಸೂಜಿ, ಮಾಪಣ್ಣ! ನೀನು ಹಾಕುತ್ತಿದ್ದದ್ದೇ.

ನನಗೆ ನಿನ್ನ ಮೇಲೆ ಸಿಟ್ಟಿದೆ. ಸುಳ್ಳು ಯಾಕೆ ಹೇಳಲಿ, ಬಹಳ ಸಿಟ್ಟಿದೆ. ಬ್ರಹ್ಮಪುರದಲ್ಲಿ ಆ ಹಳೆಯ ಡಾಕ್ಟರ ಹತ್ತಿರ ನೀನು ಕೆಲಸಕ್ಕಿದ್ದಾಗ ರಜೆಗೆ ಬಂದು ಏನು ಹೇಳುತ್ತಿದ್ದೆ? "ನಮ್ಮ ಸಾಹೇಬ್ರು 'ಲ್ಯಾಬಿನ ಚೀಟಿ ಬಂತೇನು ಮಾಪಣ್ಣ?' ಅಂತ ಕೇಳದೇ ಸೂಜೀನೇ ಮುಟ್ಟಂಗಿಲ್ಲ" ಎಂದು ಅವರ ದನಿ ಮಾಡಿ ನಮ್ಮನ್ನೆಲ್ಲ ನಗಿಸುತ್ತಿದ್ದೆ. ಅವರಿಂದ ಸೂಜಿ ಹಾಕುವುದು ಕಲಿತೆ, ನರ ಹುಡುಕುವುದು ಕಲಿತೆ, ಆ ಒಂದು ಮಾತು ಕೇಳುವುದನ್ನು ಮಾತ್ರ ಅಲ್ಲೇ ಬಿಟ್ಟು ಬಂದೆ. ಆದರೆ ನಿನ್ನೊಬ್ಬನನ್ನೇ ಬೈದು ಏನು ಮಾಡಲಿ? ಕೈಗುಣ ಕೈಗುಣ ಎಂದು ನಾವೇ ನಿನ್ನನ್ನು ಅಟ್ಟಕ್ಕೇರಿಸಿದೆವು. ಜನ ಅಷ್ಟು ಹೊಗಳಿದರೆ ಎಂಥವನಿಗೂ ತನ್ನ ಕೈಯೇ ಡಾಕ್ಟರು ಅನ್ನಿಸುತ್ತದೆ. ಅವ್ವ ಹೋದ ಮೇಲೆ ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು, ನಿನ್ನ ಮೇಲೆ ಎಷ್ಟು ದಿನ ಸಿಟ್ಟಿನಲ್ಲಿರಲಿ? ಬೈಯುವುದನ್ನು ಬೈದೆ, ಮುಗಿಯಿತು.

ಈಗ ನಿಜವಾದ ಕಷ್ಟ ಕೇಳು. ಗುಳಿಗೆ ಕೊಟ್ಟು ಮನೆಗೆ ಕಳಿಸುವಾಗ ಡಾಕ್ಟರಮ್ಮ, ಸದ್ಯಕ್ಕೆ ವಾರ ವಾರ ರಕ್ತ ತೋರಿಸಬೇಕು, ಅದನ್ನು ನೋಡಿಯೇ ನೀರಿನ ಗುಳಿಗೆ ಹೆಚ್ಚೋ ಕಡಿಮೆಯೋ ಹೇಳುತ್ತೇನೆ ಎಂದರು. ಮೊದಲ ಸಲ ನಿನ್ನ ಮಾವ ಹೇಗೋ ರಕ್ತ ಕೊಟ್ಟರು. ಎರಡನೆಯ ಸಲ ಲ್ಯಾಬಿನಲ್ಲಿ ಕೈ ಹಿಂದಕ್ಕೆಳೆದುಕೊಂಡು ಎದ್ದುಬಂದರು. "ನಮ್ಮ ಮಾಪ್ಯಾನ ಸೂಜಿ ಕೊಡ್ತಿತ್ತು, ಇವರ ಸೂಜಿ ಕಸೀತದ. ಎಳದೂ ಎಳದೂ ನನ್ನ ರಕ್ತೆಲ್ಲಾ ಖಾಲಿ ಮಾಡ್ಯಾರ" ಎಂದು ರಸ್ತೆಯಲ್ಲೇ ಕೂಗಾಟ. ಆಟೋದವನು ಕೂಡ ನಕ್ಕ. ಅದು ಬರೀ ಸೂಜಿಯ ಹೆದರಿಕೆ ಎಂದುಕೊಂಡಿದ್ದೆ, ಅಲ್ಲ. ಹೋದ ವಾರ ಗಂಜಿ ಕುಡಿಸುವಾಗ ಒಳಗಿನದು ಹೊರಗೆ ಬಂತು. "ನನ್ನ ಜೀವಾ ಉಳಿಸಿದವನ್ನ ಕಳ್ಳನ್ನ ಮಾಡಿ ಓಡಿಸಿದ್ರಿ. ಅವ ಬರೂತನಾ ನನ್ನ ಕೈ ಯಾರೂ ಮುಟ್ಟಬ್ಯಾಡ್ರಿ" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ನೋಡು, ಸಾಯುವ ಹೊತ್ತಿಗೂ ನಿನ್ನ ಪರವಾಗಿಯೇ ಮುನಿಸಿಕೊಂಡಿದ್ದಾರೆ! ನೀನು ತಪ್ಪು ಮಾಡಿದೆ ಎಂದು ಡಾಕ್ಟರು ಹೇಳಿದರೂ ನಂಬುವುದಿಲ್ಲ, ನಾನು ಹೇಳಿದರೂ ನಂಬುವುದಿಲ್ಲ.

ಅಫ್ರೀನ್ ಮನೆಗೇ ಬಂದಳು, ಬೇಕಾಗಿಯೂ ಇರಲಿಲ್ಲ ಅವಳಿಗೆ. "ಚಾಚಾ, ನಿಮ್ಮ ಮಗಳು ಅಂತ ತಿಳಕೊಳ್ರಿ, ಒಂದೇ ಒಂದು ಸಣ್ಣ ಶೀಶೆ" ಎಂದು ಎಷ್ಟು ಪುಸಲಾಯಿಸಿದಳು. ಇವರು ಎರಡೂ ಕೈ ಕೌದಿಯೊಳಗೆ ತುರುಕಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ದಿಲೀಪ ಬಲವಂತಕ್ಕೆ ಕೈ ಹಿಡಿಯಲು ಹೋದರೆ, ಹಾಗೆ ಬೇಡ ಅಣ್ಣಾ, ಅವರ ಮನಸ್ಸಿಲ್ಲದೆ ಮುಟ್ಟುವುದಿಲ್ಲ ಎಂದು ಅವಳೇ ತಡೆದಳು.

ಇತ್ತ ಪಾದ ಮತ್ತೆ ಬಾತುಕೊಳ್ಳುತ್ತಿದೆ ಮಾಪಣ್ಣ. ಮೊದಲು ಹಿಮ್ಮಡಿಯ ಮೇಲಿತ್ತು, ಈಗ ಮೊಣಕಾಲಿನತ್ತ ಏರುತ್ತಿದೆ. ಎರಡು ದಿಂಬು ಇಟ್ಟರೂ ಉಸಿರಿಗೆ ಒದ್ದಾಡುತ್ತಾರೆ. ಡಾಕ್ಟರಮ್ಮನಿಗೆ ಫೋನು ಮಾಡಿದರೆ, ರಕ್ತ ನೋಡದೆ ಗುಳಿಗೆ ಏರಿಸುವುದಿಲ್ಲ, ಹೋದ ಸಲ ಉಳಿದದ್ದೇ ದೊಡ್ಡದು, ಕೂಡಲೇ ಕರೆದುಕೊಂಡು ಬನ್ನಿ ಎನ್ನುತ್ತಾರೆ. ಇವರು ಮಂಚ ಬಿಟ್ಟು ಏಳುವುದಿಲ್ಲ. ಗುಳಿಗೆ ಏರಿಸದಿದ್ದರೆ ನೀರು ಎದೆಗೆ ಏರುತ್ತದೆ, ನೋಡದೆ ಏರಿಸಿದರೆ ಮತ್ತೆ ಅದೇ ಬಚ್ಚಲ ಬಾಗಿಲು. ಅತ್ತ ದರಿ ಇತ್ತ ಪುಲಿ ಎಂದು ಮಕ್ಕಳಿಗೆ ಗಾದೆ ಹೇಳಿಕೊಡುತ್ತಿದ್ದೆ, ಈಗ ಅದರ ನಡುವೆ ನಾನೇ ನಿಂತಿದ್ದೇನೆ. ನಿನ್ನೆ ಅವರು ಏದುಸಿರು ಬಿಡುವುದನ್ನು ನೋಡಲಾರದೆ ಗುಳಿಗೆಯ ಡಬ್ಬಿ ತೆಗೆದೆ. ಒಂದು ಹೆಚ್ಚು ಕೊಟ್ಟರೆ ಇವತ್ತಾದರೂ ಮಲಗುತ್ತಾರೆ, ಯಾರಿಗೆ ಗೊತ್ತಾಗುತ್ತದೆ ಅನ್ನಿಸಿತು. ಗುಳಿಗೆ ಅಂಗೈಯಲ್ಲಿತ್ತು. ನಿನಗೂ ಹೀಗೇ ಅನ್ನಿಸಿರಬೇಕು, ಅಲ್ಲವೇ? ನಿನ್ನನ್ನು ಬೈಯುವವಳು ನಾನೂ ಅದನ್ನೇ ಮಾಡಹೊರಟಿದ್ದೆ. ಅದನ್ನು ವಾಪಸ್ ಡಬ್ಬಿಗೆ ಹಾಕಿ ಸಪ್ನಾಳಿಗೆ ಕೊಟ್ಟು, ಇದನ್ನು ನನಗೆ ಸಿಗದ ಹಾಗೆ ಇಡು ಎಂದೆ. ನನಗೆ ಬಹಳ ಹೆದರಿಕೆಯಾಗುತ್ತಿದೆ ತಮ್ಮಾ.

ದಿಲೀಪನಿಗೆ ಹೆದರಬೇಡ. ಅವತ್ತು ಪೊಲೀಸರಿಗೆ ಹೇಳುತ್ತೇನೆ, ಹಾಗೆ ಮಾಡುತ್ತೇನೆ ಎಂದು ಎಗರಾಡಿದ್ದು ಅಪ್ಪನ ಮೇಲಿನ ಜೀವದಿಂದ. ಈಗ ಅವನೇ "ಮಾಮಾಗ ಬಾ ಅಂತ ಹೇಳವ್ವಾ, ನಾ ಒಂದ ಮಾತು ಅನ್ನಂಗಿಲ್ಲ" ಎನ್ನುತ್ತಾನೆ. ಕಮಲಾಪುರದ ಜನ ಏನಂದುಕೊಳ್ಳುತ್ತಾರೋ ಎಂಬ ಚಿಂತೆಯೂ ಬೇಡ. ನಿನ್ನ ಮರ್ಯಾದೆ ದೊಡ್ಡದೋ ನಿನ್ನ ಮಾವನ ಉಸಿರು ದೊಡ್ಡದೋ, ನೀನೇ ತೂಗಿ ನೋಡು. ಈ ಕಾಗದ ಓದಿದ ಕೂಡಲೇ ಹೊರಡು. ಲಾಲ್ ಅಹ್ಮದನ ಟೆಂಪೊ ಹೇಗೂ ಖಾಲಿಯಾಗಿ ಇತ್ತ ಬರುತ್ತದೆ, ಅವನ ಪಕ್ಕ ಕೂತು ಬಂದುಬಿಡು.

ನಿನ್ನ ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ. ಸುಳ್ಳು ಹೇಳಿದ್ದಕ್ಕೆ ಮಗಳನ್ನು ಬೈಯಬೇಡ, ಅಪ್ಪನಿಗಾಗಿ ಹೇಳಿದ್ದಾಳೆ. ಮೊಮ್ಮಗಳ ಗಲ್ಲ ಹಿಂಡಿದ್ದೇನೆ ಎಂದು ತಿಳಿಸು. ಬುದ್ಧನ ಕರುಣೆ ನಿನ್ನ ಮೇಲಿರಲಿ, ದಾರಿಯಲ್ಲಿ ಏನಾದರೂ ತಿಂದುಕೊಂಡು ಬಾ.

ನಿನ್ನ ಅಕ್ಕ,
ಬಂಡೆಮ್ಮ

ತಾ.ಕ.: ಸೋಮವಾರ ಮುಂಜಾನೆ. ಲಾಲ್ ಅಹ್ಮದ್ ಬಾಗಿಲಲ್ಲಿ ಹಾರ್ನು ಹೊಡೆಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಡ್ಯೂಟಿಗೆ ಹೋಗುವ ಮೊದಲು ಅಫ್ರೀನ್ ಬಂದಿದ್ದಳು. ನಾಚಿಕೆ ಬಿಟ್ಟು ಕೇಳಿದೆ, ನನ್ನ ತಮ್ಮ ರಕ್ತ ತೆಗೆದರೆ ನಡೆಯುತ್ತದೆಯೇ ಎಂದು. "ಡಾಕ್ಟರಿಗೆ ಕೇಳಿ ಹೇಳ್ತೀನ್ರಿ" ಎಂದವಳು ಅಲ್ಲೇ ಫೋನು ಮಾಡಿ, ತಾನು ಪಕ್ಕದಲ್ಲಿ ನಿಂತಿರುವುದಾದರೆ ಆಗಲಿ ಎಂದು ಡಾಕ್ಟರಮ್ಮನನ್ನು ಒಪ್ಪಿಸಿದಳು. ನಿನ್ನ ಮಾವ ಮಂಚದ ಮೇಲಿಂದಲೇ "ಮಾಪ್ಯಾಗ ಬರದಿಯೇನು? ಸೂಜಿ ತುಂಬಕೊಂಡು ಬಾ ಅಂತ ಬರಿ" ಎಂದರು. ಬರೆದಿದ್ದೇನೆ ಎಂದೆ. ಅವರು ಆಗಲೇ ಅಂಗಿಯ ತೋಳು ಮಡಚುತ್ತಿದ್ದಾರೆ. ಮೋಸದಿಂದ ಚುಚ್ಚಬೇಡ ತಮ್ಮಾ. ಈ ಸಲ ಕೊಡಲು ಬಂದಿಲ್ಲ ಮಾವಾ, ತೆಗೆಯಲು ಬಂದಿದ್ದೇನೆ, ಮೊದಲೇ ತೆಗೆಯಬೇಕಿತ್ತು ಎಂದು ನೀನೇ ಬಾಯಿಬಿಟ್ಟು ಹೇಳು. ನೀನು ಹೇಳಿದರೆ ಅವರು ಕೈ ಹಿಂದಕ್ಕೆ ಎಳೆಯುವುದಿಲ್ಲ. ಖಾಲಿ ಸೂಜಿ ತೆಗೆದುಕೊಂಡು ಬಾ.